ಗೊತ್ತಿದ್ದೂ ಕೆಲಸ ಮುಂದೂಡುವುದು ಸೋಮಾರಿತನವೇ?

‘ಮಾಡಲೇಬೇಕು ಅಂತ ಗೊತ್ತಿದ್ದೂ ಕೊನೇ ಗಳಿಗೆವರೆಗೆ ಎಳೀತೀನಿ, ನಾನು ಸೋಮಾರಿನಾ?’ ಎಂದು ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಕೆಲಸ ಬಾಕಿ ಬಿದ್ದಿದ್ದರೂ ಸೋಮಾರಿಗೆ ಒಳ್ಳೇ ನಿದ್ದೆ ಬರುತ್ತದೆ. ನಮ್ಮಂಥವರಿಗೆ ಅತ್ತ ಕೆಲಸವೂ ಇಲ್ಲ, ಇತ್ತ ನಿದ್ದೆಯೂ ಇಲ್ಲ.

ಮೊನ್ನೆ ಒಂದು ವರದಿ ಬರೆಯಬೇಕಿತ್ತು. ಫೈಲ್ ತೆರೆದು ಶೀರ್ಷಿಕೆ ಟೈಪ್ ಮಾಡಿದೆ. ಅಕ್ಷರ ದೊಡ್ಡದು ಮಾಡಿದೆ, ಮತ್ತೆ ಚಿಕ್ಕದು ಮಾಡಿದೆ. ಮುಂದಿನ ಸಾಲು ಹೊಳೆಯಲಿಲ್ಲ, ಹೊಟ್ಟೆಯಲ್ಲಿ ಏನೋ ಕಸಿವಿಸಿ. ಫೈಲ್ ಮುಚ್ಚಿ, ಹಲ್ಲುಜ್ಜುವ ಹಳೇ ಬ್ರಷ್ ಹಿಡಿದು ಕೀಬೋರ್ಡ್ ಸಂದಿಯ ಧೂಳು ತೆಗೆಯುತ್ತ ಕೂತೆ. ಒಂದೊಂದೇ ಕೀ, ಮುಕ್ಕಾಲು ಗಂಟೆ! (ಸೋಮಾರಿ ಇಷ್ಟು ದುಡಿಯುತ್ತಾನೆಯೇ, ಹೇಳಿ.) ಫೈಲ್ ಮುಚ್ಚಿದ ಗಳಿಗೆಯಲ್ಲಿ ಎದೆ ಹಗುರಾಯಿತಲ್ಲ, ಗುಟ್ಟಿರುವುದು ಅಲ್ಲಿ. ಬೇಸರ, ಅಂಜಿಕೆ, ‘ನನ್ನಿಂದಾಗುತ್ತೋ ಇಲ್ಲವೋ’ ಎಂಬ ಅನುಮಾನ, ಇವುಗಳಿಂದ ತಪ್ಪಿಸಿಕೊಳ್ಳಲು ಕೆಲಸವನ್ನೇ ಆಚೆ ತಳ್ಳುತ್ತೇವೆ. ತಳ್ಳಿದೊಡನೆ ಹಾಯೆನಿಸುತ್ತದೆ. ಆ ರುಚಿ ಹತ್ತಿದ ಮನಸ್ಸು ಮುಂದಿನ ಸಲ ಇನ್ನೂ ಬೇಗ ಓಡುತ್ತದೆ. ಬಡ್ಡಿ ಕಟ್ಟುವುದು ನಾಳೆಯ ನಾವು, ಆದರೆ ಇವತ್ತಿಗೆ ಆ ‘ನಾಳೆಯವನು’ ಯಾರೋ ಪರಕೀಯ. ಮನೋವಿಜ್ಞಾನಿಗಳಾದ ಫ್ಯೂಷಾ ಸಿರ್ವಾ, ಟಿಮೊಥಿ ಪಿಚಿಲ್ 2013ರಲ್ಲಿ ಬರೆದ ಲೇಖನದ ವಾದವೂ ಹೆಚ್ಚುಕಡಿಮೆ ಇದೇ.

ನನಗೆ ತುಂಬ ಹಿಡಿಸಿದ್ದು ಮನೋವಿಜ್ಞಾನಿಗಳೇ ಆದ ಜೋಸೆಫ್ ಫೆರಾರಿ ಮತ್ತು ಡಯಾನ್ ಟೈಸ್ 2000ದಲ್ಲಿ ಪ್ರಕಟಿಸಿದ ಪ್ರಯೋಗ. ಗಣಿತದ ಒಂದು ಕೆಲಸವನ್ನು ‘ಇದು ನಿಮ್ಮ ಸಾಮರ್ಥ್ಯದ ಪರೀಕ್ಷೆ’ ಎಂದಾಗ ಮುಂದೂಡುವ ಚಾಳಿಯವರು ಅದಕ್ಕೆ ತಯಾರಿ ಮಾಡಿಕೊಳ್ಳುವುದು ಬಿಟ್ಟು ಬೇರೆ ಆಟಗಳಲ್ಲಿ ಕಾಲ ಕಳೆದರು. ಅದನ್ನೇ ‘ಬರೀ ಮೋಜಿಗೆ’ ಎಂದಾಗ ಉಳಿದವರಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಹೆದರಿಸಿದ್ದು ಗಣಿತವಲ್ಲ, ತೀರ್ಪು. ಕೊನೆಯಲ್ಲಿ ಎದ್ದುಬಿದ್ದು ಮಾಡಿ ಕೆಟ್ಟರೆ ‘ಟೈಮ್ ಸಾಲಲಿಲ್ಲ’ ಅನ್ನಬಹುದು, ಬುದ್ಧಿ ಸಾಲಲಿಲ್ಲ ಎಂದು ಒಪ್ಪಬೇಕಿಲ್ಲ.

‘ನಾನು ಪರ್ಫೆಕ್ಷನಿಸ್ಟ್, ಅದಕ್ಕೇ ತಡ’ ಎಂದು ನಾನೂ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೆ. ಕೇಳಲು ಚೆನ್ನಾಗಿರುತ್ತದೆ, ಅಷ್ಟೇ. ಸಂಶೋಧಕ ಪಿಯರ್ಸ್ ಸ್ಟೀಲ್ 2007ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ, ಎಲ್ಲವೂ ಕುಂದಿಲ್ಲದಂತಿರಬೇಕು ಎಂಬ ಹಟಕ್ಕೂ ಮುಂದೂಡುವುದಕ್ಕೂ ಇರುವ ನಂಟು ತೀರಾ ತೆಳುವಾಗಿತ್ತು. ಕೆಲಸದ ಮೇಲಿನ ಜಿಗುಪ್ಸೆ, ಮನಸ್ಸಿನ ಚಂಚಲತೆ, ಇವುಗಳದ್ದೇ ದೊಡ್ಡ ಪಾಲು.

ಇನ್ನು ನಿಮ್ಮನ್ನು ನೀವು ಬೈದುಕೊಳ್ಳುವುದು: ಅದನ್ನು ಮೊದಲು ನಿಲ್ಲಿಸಿ. ಮೊದಲ ಪರೀಕ್ಷೆಗೆ ಓದದೆ ಕಾಲ ತಳ್ಳಿದ್ದಕ್ಕೆ ತಮ್ಮನ್ನು ತಾವೇ ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನದಕ್ಕೆ ಕಡಿಮೆ ಮುಂದೂಡಿದರು ಎಂದು 2010ರ ಒಂದು ಅಧ್ಯಯನ ಹೇಳುತ್ತದೆ. ನನ್ನ ವರದಿಯ ವಿಷಯಕ್ಕೆ ಬಂದರೆ, ಮಾರನೇ ದಿನ ಶೀರ್ಷಿಕೆಯ ತಂಟೆಗೇ ಹೋಗದೆ, ನಡುವಿನ ಒಂದು ಕೋಷ್ಟಕ ತುಂಬಿಸಿದೆ. ಅದಕ್ಕೆ ಧೈರ್ಯವೇನೂ ಬೇಕಿರಲಿಲ್ಲ.