ಡಿಲೀಟ್ ಮಾಡಿದ ಡೇಟಾ ನಿಜವಾಗಿಯೂ ಹೋಯ್ತಾ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಎರಡು ವರ್ಷಕ್ಕಿಂತ ಹಳೆಯ ಇವೆಂಟ್‌ಗಳನ್ನು (ಏನೇನು ನಡೆಯಿತು ಎಂಬ ದಾಖಲೆಗಳನ್ನು) ಡಿಲೀಟ್ ಮಾಡಿದರೂ ಡಿಸ್ಕ್ ಯಾಕೆ ಖಾಲಿಯಾಗಲಿಲ್ಲ? ಬಳಕೆದಾರರೊಬ್ಬರು ತಮ್ಮ ಅಕೌಂಟ್ ಪೂರ್ತಿ ಅಳಿಸಿ ಎಂದರೆ ಎಲ್ಲಿಂದ ಶುರು ಮಾಡಬೇಕು? ಮೊದಲನೆಯದಕ್ಕೆ ಉತ್ತರ ಸುಲಭ. ನಿಜವಾದ ಕೆಲಸ ಇರುವುದು ಎರಡನೆಯದರಲ್ಲಿ.

ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ಅಂದರೆ ಆ ಸಾಲುಗಳಿಗೆ 'ಇನ್ನು ಬೇಡ' ಎಂದು ಗುರುತು ಹಾಕುವುದು, ಅಷ್ಟೇ. ಆಮೇಲೆ ವ್ಯಾಕ್ಯೂಮ್ ಎಂಬ ಸ್ವಚ್ಛ ಮಾಡುವ ಪ್ರಕ್ರಿಯೆ ಬಂದು ಆ ಜಾಗವನ್ನು ಅದೇ ಟೇಬಲ್‌ನ ಹೊಸ ಸಾಲುಗಳಿಗೆ ಬಿಟ್ಟುಕೊಡುತ್ತದೆ. ಫೈಲಿನ ತುದಿಯಲ್ಲಿ ಪೂರ್ತಿ ಖಾಲಿ ಪೇಜ್‌ಗಳಿದ್ದರೆ ಮಾತ್ರ ಡಿಸ್ಕ್‌ಗೆ ಜಾಗ ವಾಪಸ್ ಸಿಗುತ್ತದೆ. ಹಾಗಂತ ವ್ಯಾಕ್ಯೂಮ್ ಫುಲ್ ಎಂಬ ಕಮಾಂಡ್ ಓಡಿಸಲು ಹೋಗಬೇಡಿ. ಅದು ಇಡೀ ಟೇಬಲ್ ಅನ್ನು ಹೊಸದಾಗಿ ಬರೆಯುತ್ತದೆ, ಮುಗಿಯುವವರೆಗೆ ಓದುವುದಕ್ಕೂ ಬಿಡುವುದಿಲ್ಲ, ಹೊಸ ಪ್ರತಿಗೆ ಬೇರೆ ಜಾಗ ಬೇಕು. ಡಿಸ್ಕ್ ತುಂಬಿ ಒದ್ದಾಡುತ್ತಿರುವಾಗ ಅಷ್ಟು ಜಾಗ ಎಲ್ಲಿಂದ ತರುತ್ತೀರಿ?

ಇದಕ್ಕೆ ಸರಿಯಾದ ದಾರಿ ಪಾರ್ಟಿಷನ್. ಇವೆಂಟ್ ಟೇಬಲ್ ಅನ್ನು ತಿಂಗಳಿಗೊಂದು ತುಂಡು ಮಾಡಿ. ಅವಧಿ ಮುಗಿದ ತಿಂಗಳನ್ನು ಬೇರ್ಪಡಿಸಿ ಡ್ರಾಪ್ ಮಾಡಿದರೆ ಕ್ಷಣದಲ್ಲಿ ಕೆಲಸ ಮುಗಿಯುತ್ತದೆ, ಜಾಗವೂ ಸಿಗುತ್ತದೆ. ಪೋಸ್ಟ್‌ಗ್ರೆಸ್ 14ರಿಂದ ಈಚೆಗೆ ಉಳಿದ ಕ್ವೆರಿಗಳನ್ನು ತಡೆಯದೆಯೇ ಪಾರ್ಟಿಷನ್ ಬೇರ್ಪಡಿಸಬಹುದು. ಒಂದು ತೊಡಕಿದೆ: ಪ್ರೈಮರಿ ಕೀಯಲ್ಲಿ, ಅಂದರೆ ಪ್ರತಿ ಸಾಲನ್ನು ಗುರುತಿಸುವ ಕೀಯಲ್ಲಿ, ದಿನಾಂಕದ ಕಾಲಂ ಕೂಡ ಸೇರಲೇಬೇಕು. ಟೇಬಲ್ ಚಿಕ್ಕದಿರುವಾಗಲೇ ಇದನ್ನು ಮಾಡಿಕೊಂಡರೆ ನೆಮ್ಮದಿ.

ಈಗ ಎರಡನೆಯದು. ಬಳಕೆದಾರರ ಒಂದು ಇಮೇಲ್ ವಿಳಾಸ ಎಲ್ಲೆಲ್ಲಿ ಹೋಗಿ ಕೂತಿದೆ ಎಂದು ಒಮ್ಮೆ ಹುಡುಕಿ ನೋಡಿ. ಮುಖ್ಯ ಡೇಟಾಬೇಸ್‌ನಲ್ಲಿದೆ, ಸರಿ. ಸರ್ಚ್ ಇಂಡೆಕ್ಸ್‌ನಲ್ಲೂ ಇದೆ. ಸಿಸ್ಟಂಗಳ ನಡುವೆ ಸಂದೇಶ ಸಾಗಿಸುವ ಕಾಫ್ಕಾದ ಟಾಪಿಕ್‌ನಲ್ಲಿದೆ, ಅನಲಿಟಿಕ್ಸ್ ಟೇಬಲ್‌ನಲ್ಲಿದೆ, ಎರರ್ ಲಾಗ್‌ನ ಯಾವುದೋ ಸಾಲಿನಲ್ಲಿದೆ. ಸಪೋರ್ಟ್ ತಂಡದವರು ಇಳಿಸಿಕೊಂಡ ಎಕ್ಸೆಲ್ ಶೀಟ್‌ನಲ್ಲೂ ಇದೆ. ಈ ಪಟ್ಟಿ ಇಲ್ಲದೆ ಡಿಲೀಟ್ ಬಟನ್ ಕೊಟ್ಟರೆ ಬಳಕೆದಾರರಿಗೆ ಸುಳ್ಳು ಹೇಳಿದ ಹಾಗೆ, ಅಲ್ವಾ? ಅವರು ನಮ್ಮನ್ನು ನಂಬಿ ಕೊಟ್ಟ ಮಾಹಿತಿ ಅದು. ಹಾಗಾಗಿ ಕೋಡ್‌ಗಿಂತ ಮೊದಲು ಪಟ್ಟಿ ಮಾಡಿ. ಪ್ರತಿ ಜಾಗಕ್ಕೂ ಒಬ್ಬರು ಹೊಣೆ, ಒಂದು ಅವಧಿ, ಆ ಅವಧಿಗೊಂದು ಕಾರಣ ಇರಲಿ. 'ಮುಂದೆ ಬೇಕಾಗಬಹುದು' ಎಂಬುದನ್ನು ನಾನು ಕಾರಣ ಎಂದು ಒಪ್ಪುವುದಿಲ್ಲ.

ಪ್ರತಿ ಸಿಸ್ಟಂನಲ್ಲೂ ಡಿಲೀಟ್‌ಗೆ ಅದರದೇ ಅರ್ಥ ಇರುತ್ತದೆ. ಕಾಫ್ಕಾದಲ್ಲಿ ನೀವೇನೂ ಬದಲಿಸದಿದ್ದರೆ ರಿಟೆನ್ಷನ್ (ಸಂದೇಶಗಳನ್ನು ಇಟ್ಟುಕೊಳ್ಳುವ ಅವಧಿ) 168 ಗಂಟೆ, ಅಂದರೆ 7 ದಿನ. ಆದರೆ ಅಲ್ಲಿ ಸಂದೇಶಗಳು ಒಂದೊಂದಾಗಿ ಹೋಗುವುದಿಲ್ಲ, ಅನೇಕ ಸಂದೇಶಗಳಿರುವ ಸೆಗ್ಮೆಂಟ್ ಫೈಲ್ ಪೂರ್ತಿಯಾಗಿ ಹೋಗುತ್ತದೆ. ಆ ಫೈಲಿನ ಕೊನೆಯ ಸಂದೇಶಕ್ಕೆ ಏಳು ದಿನ ತುಂಬುವವರೆಗೆ ಮೊದಲ ಸಂದೇಶವೂ ಅಲ್ಲೇ ಇರುತ್ತದೆ. ಟ್ರಾಫಿಕ್ ಕಡಿಮೆ ಇರುವ ಟಾಪಿಕ್‌ನಲ್ಲಿ ಇದು ಎರಡು ವಾರದ ಹತ್ತಿರ ಹೋಗಬಹುದು. ಅಮೆಜಾನ್‌ನ ಫೈಲ್ ಸಂಗ್ರಹವಾದ ಎಸ್3ರ ಬಕೆಟ್‌ನಲ್ಲಿ ವರ್ಷನಿಂಗ್ (ಹಳೆ ಪ್ರತಿಗಳನ್ನೂ ಉಳಿಸಿಕೊಳ್ಳುವ ವ್ಯವಸ್ಥೆ) ಆನ್ ಇದ್ದರೆ, ಸುಮ್ನೆ ಡಿಲೀಟ್ ಕೊಟ್ಟಾಗ ಬೀಳುವುದು ಡಿಲೀಟ್ ಮಾರ್ಕರ್, ಅಂದರೆ 'ಅಳಿಸಿದೆ' ಎಂಬ ಗುರುತು ಮಾತ್ರ. ಹಳೆಯ ಪ್ರತಿ ಹಾಗೇ ಉಳಿಯುತ್ತದೆ, ಬಿಲ್ಲೂ ಬರುತ್ತಿರುತ್ತದೆ. ಹಳೆ ಪ್ರತಿಗಳಿಗೆ ಅವಧಿ ಮುಗಿದ ಮೇಲೆ ತಾನಾಗಿ ಅಳಿಸುವ ಪ್ರತ್ಯೇಕ ಲೈಫ್‌ಸೈಕಲ್ ರೂಲ್ ಬರೆಯಬೇಕು.

ಸಾಫ್ಟ್ ಡಿಲೀಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಸಾಲಿನಲ್ಲಿ 'ಅಳಿಸಿದ ದಿನಾಂಕ' ಎಂಬ ಕಾಲಂ ಇಟ್ಟು ತುಂಬುವುದು ಒಳ್ಳೆಯದೇ. ಕೈತಪ್ಪಿ ಅಳಿಸಿದವರಿಗೆ ವಾಪಸ್ ಕೊಡಬಹುದು. ಆದರೆ ಆ ದಿನಾಂಕದಿಂದ, ಉದಾಹರಣೆಗೆ, 30 ದಿನಕ್ಕೆ ನಿಜವಾಗಿ ಅಳಿಸುವ ಜಾಬ್ ಕೂಡ ಅದೇ ರಿಲೀಸ್‌ನಲ್ಲಿ ಹೋಗಬೇಕು. ಮುಂದಿನ ಸಲ ಬರೆಯೋಣ ಎಂದು ಬಿಟ್ಟರೆ ಅದು ಬರುವುದೇ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ತಲೆನೋವು ಬ್ಯಾಕಪ್. ಹಳೆ ಬ್ಯಾಕಪ್ ಬಿಚ್ಚಿ ಒಬ್ಬರ ಸಾಲನ್ನು ತೆಗೆಯುವುದು ಆಗದ ಮಾತು. ನಾನು ನೆಚ್ಚಿಕೊಂಡಿರುವ ಕ್ರಮ ಇದು: ಬ್ಯಾಕಪ್‌ಗೂ ಒಂದು ಅವಧಿ ಇಡುತ್ತೇನೆ, ಅಳಿಸಿದವರ ಐಡಿಗಳನ್ನು ಬೇರೆ ಕಡೆ ಬರೆದಿಡುತ್ತೇನೆ. ಹೆಸರಿಲ್ಲ, ಇಮೇಲ್ ಇಲ್ಲ, ಐಡಿ ಮತ್ತು ದಿನಾಂಕ ಮಾತ್ರ. ಬ್ಯಾಕಪ್‌ನಿಂದ ರಿಸ್ಟೋರ್ ಮಾಡಿದರೆ, ಜನರಿಗೆ ತೆರೆಯುವ ಮೊದಲೇ ಆ ಪಟ್ಟಿಯ ಡಿಲೀಟ್‌ಗಳನ್ನು ಮತ್ತೆ ಓಡಿಸಬೇಕು. ಇಲ್ಲದಿದ್ದರೆ ಹೋದವರೆಲ್ಲ ಮತ್ತೆ ಪ್ರತ್ಯಕ್ಷ. ಆ ಪಟ್ಟಿ ಅದೇ ಡೇಟಾಬೇಸ್‌ನಲ್ಲಿದ್ದರೆ ಪ್ರಯೋಜನವಿಲ್ಲ, ಅದೂ ಹಿಂದಿನ ಸ್ಥಿತಿಗೆ ಹೋಗಿರುತ್ತದೆ. ಪ್ರತಿ ಬಳಕೆದಾರರಿಗೂ ಬೇರೆ ಎನ್‌ಕ್ರಿಪ್ಷನ್ ಕೀ ಇಟ್ಟು, ಅಳಿಸುವಾಗ ಆ ಕೀಯನ್ನೇ ನಾಶ ಮಾಡುವ ದಾರಿಯೂ ಇದೆ. ಚೆನ್ನಾಗಿದೆ, ಆದರೆ ಶುರುವಿನಿಂದಲೇ ಹಾಗೆ ಕಟ್ಟಿರಬೇಕು. ಕೀ ಕೂಡ ಅದೇ ಬ್ಯಾಕಪ್‌ನಲ್ಲಿ ಉಳಿದಿರಬಾರದು.

ಯುರೋಪಿನ ಬಳಕೆದಾರರಿದ್ದರೆ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಅಲ್ಲಿನ ಡೇಟಾ ರಕ್ಷಣೆಯ ಕಾನೂನನ್ನು ನೋಡಿಕೊಳ್ಳಿ. ಅಳಿಸುವ ಹಕ್ಕು ಇರುವುದು 17ನೇ ವಿಧಿಯಲ್ಲಿ. ಕೋರಿಕೆ ಬಂದ ಒಂದು ತಿಂಗಳೊಳಗೆ ಉತ್ತರಿಸಬೇಕು, ತೊಡಕಿನ ಪ್ರಕರಣಕ್ಕೆ ಇನ್ನೆರಡು ತಿಂಗಳು ಸಿಗುತ್ತದೆ. ಕಾನೂನೇ ಇಡಬೇಕು ಎನ್ನುವ ದಾಖಲೆಗಳಿಗೆ ವಿನಾಯಿತಿ ಇದೆ. ಇನ್‌ವಾಯ್ಸ್‌ಗಳನ್ನು ಕೇಳಿದ ತಕ್ಷಣ ಅಳಿಸಬೇಡಿ, ಮೊದಲು ವಕೀಲರನ್ನು ಕೇಳಿ. ಕೇಸ್ ನಡೆಯುತ್ತಿರುವ ಅಕೌಂಟ್‌ಗಳಿಗೆ 'ತಡೆ' ಎಂಬ ಫ್ಲಾಗ್ ಇರಲಿ. ಡಿಲೀಟ್ ಜಾಬ್ ಅದನ್ನು ಮೊದಲು ನೋಡಲಿ.

ಇಷ್ಟಾದ ಮೇಲೆ ಪರೀಕ್ಷೆ. ಬೇರೆಲ್ಲೂ ಸಿಗದಂಥ ವಿಚಿತ್ರ ಹೆಸರಿನಲ್ಲಿ ಒಂದು ಟೆಸ್ಟ್ ಅಕೌಂಟ್ ತೆರೆಯಿರಿ, ಕೆಲವು ದಿನ ಬಳಸಿ, ಅಳಿಸಿ. ನೀವು ಮಾತು ಕೊಟ್ಟ ಅವಧಿ ಮುಗಿದ ಮರುದಿನ ಪಟ್ಟಿಯಲ್ಲಿರುವ ಪ್ರತಿ ಜಾಗದಲ್ಲೂ ಆ ಹೆಸರನ್ನು ಹುಡುಕಿ. ಎಲ್ಲಿ ಸಿಕ್ಕಿತೋ ಅಲ್ಲಿಂದ ಕೆಲಸ ಶುರು ಮಾಡಿ.