ಔಷಧಿಗೆ ಒಂದು ದುರ್ಗ, ಕಾಗದಕ್ಕೆ ಇನ್ನೊಂದು

ಕುರಿಗೆ ಕಾಯಿಲೆ ಅಂದರೆ "ದನದ ಆಸ್ಪತ್ರೆ ಇದೆಯಲ್ಲ, ಹೊಡ್ಕೊಂಡು ಹೋಗಿ" ಅಂತ ಕೆಲವರು ಸುಲಭವಾಗಿ ಹೇಳಿಬಿಡುತ್ತಾರೆ. ಹಸುವಾದರೆ ಸರಿ. ನಮ್ಮದು ಮೊಳಕಾಲ್ಮೂರು ತಾಲೂಕು, ನಮ್ಮ ಬದುಕು ನಡೆಯುವುದು ಕುರಿಯಿಂದ. ಎಂಬತ್ತು ಕುರಿಯಲ್ಲಿ ಹದಿನೈದು ಕುಂಟುತ್ತಿದ್ದರೆ ಯಾವುದನ್ನು ಹೊತ್ತುಕೊಂಡು ಹೋಗುವುದು? ಉಳಿದವನ್ನು ಯಾರು ಕಾಯಬೇಕು?

ಇಲ್ಲಿ ಬರೀ 'ದುರ್ಗ' ಅಂದರೆ ಚಿತ್ರದುರ್ಗ, ಜಿಲ್ಲಾ ಕೇಂದ್ರ. ಕಾಗದಪತ್ರಕ್ಕೆ ಅಲ್ಲಿಗೆ. ಔಷಧಿಗೆ ಹತ್ತಿರವಾಗುವುದು ಆಂಧ್ರದ ರಾಯದುರ್ಗ. ಅಂಗಡಿಯವನು ತೆಲುಗಿನಲ್ಲಿ ಕೇಳುತ್ತಾನೆ, ನಾವು ಕನ್ನಡದಲ್ಲಿ ಹೇಳುತ್ತೇವೆ.

ಹೋದ ವರ್ಷ ಮಳೆ ಹಿಡಿದಾಗ ಹಿಂಡಿಗೆ ನೀಲಿ ನಾಲಿಗೆ ರೋಗ ಬಂತು. ನುಸಿ ಕಚ್ಚಿ ಹರಡುವ ರೋಗ, ಅದಕ್ಕೇ ಮಳೆಯ ಬೆನ್ನಿಗೇ ಬರುತ್ತದೆ. ಬೆಳಿಗ್ಗೆ ನೋಡಿದರೆ ಒಂದು ಕುರಿಯ ತುಟಿ ಬನ್ನಿನ ಹಾಗೆ ಊದಿತ್ತು. ಮೂಗಿನಲ್ಲಿ ಸಿಂಬಳ ಒಣಗಿ ಗಟ್ಟಿಯಾಗಿತ್ತು. ಗೊರಸಿನ ಮೇಲಂಚು ಕೆಂಪಗಾಗಿತ್ತು. ಮೊಣಕಾಲೂರಿ ಮೇಯಲು ಹೋಗುತ್ತಿತ್ತು, ಬಾಯಿಗೆ ಹುಲ್ಲು ತಾಗಿದರೆ ತಲೆ ಕೊಡವುತ್ತಿತ್ತು. ಅವ್ವ ಒಂದೊಂದನ್ನೇ ತೊಡೆ ನಡುವೆ ಹಿಡಿದು ಗೊಟ್ಟದಲ್ಲಿ ರಾಗಿ ಗಂಜಿ ಹಾಕಿದಳು. ನಾನು ಗಾಬರಿಯಲ್ಲಿ ಅಂಗಡಿಗೆ ಓಡಿ, ಕೊಟ್ಟ ಆಂಟಿಬಯಾಟಿಕ್ ತಂದು ಇಡೀ ಹಿಂಡಿಗೆ ಚುಚ್ಚಿದೆ.

ಡಾಕ್ಟರು ಬಂದವರು ತಲೆ ಚಚ್ಚಿಕೊಂಡರು. "ಇದು ವೈರಸ್ಸು. ಆ ಇಂಜೆಕ್ಷನ್ ಹುಣ್ಣು ಕೀವಾಗದ ಹಾಗೆ ತಡೆಯುತ್ತದೆ ಅಷ್ಟೇ. ಚೆನ್ನಾಗಿರೋವಕ್ಕೂ ಯಾಕೆ ಚುಚ್ಚಿದೆ?" ಉಳಿಸಿದ್ದು ಅವ್ವನ ಗಂಜಿ ಅಂತಲೇ ನನ್ನ ಲೆಕ್ಕ.

ಡಾಕ್ಟರನ್ನು ಬೈಯಲಾರೆ. ಅವರೊಬ್ಬರು, ಹಳ್ಳಿ ಹತ್ತಾರು. ಕುರಿ ಸತ್ತರೂ ಅವರೇ ಬರಬೇಕು, ಮರಣೋತ್ತರ ಪರೀಕ್ಷೆ ಆಗದೆ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯ ಪರಿಹಾರ ಇಲ್ಲ. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಇದೆ, ನಿಜ. ಆದರೆ ನಮ್ಮ ಮಂದೆ ಇವತ್ತು ಒಬ್ಬರ ಹೊಲದಲ್ಲಿ, ನಾಳೆ ಇನ್ನೊಬ್ಬರ ಹೊಲದಲ್ಲಿ. ವಿಳಾಸ ಕೇಳಿದರೆ ಗುಡ್ಡ ತೋರಿಸಬೇಕು!

ಔಷಧಿ ದುಬಾರಿಯಾದಷ್ಟೂ ಅದಕ್ಕೆ ನೀರು ಸೇರುತ್ತದೆ. ಜಂತಿನ ಔಷಧಿ ನಲವತ್ತು ಕುರಿಗೆ ಸಾಕಾಗುವಷ್ಟು ತಂದು ಎಂಬತ್ತಕ್ಕೆ ಹಾಕುತ್ತೇವೆ. ಅರ್ಧ ಡೋಸಿಗೆ ಜಂತು ಸಾಯುವುದಿಲ್ಲ, ಆ ಔಷಧಿಗೇ ಪಳಗುತ್ತದೆ. ಮುಂದಿನ ಸಲ ಪೂರ್ತಿ ಹಾಕಿದರೂ ನಾಟುವುದಿಲ್ಲ. 2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 'ಪಶು ಔಷಧಿ' ಅಂತ 75 ಕೋಟಿ ರೂಪಾಯಿ ಇಟ್ಟಿತು, ಜೆನೆರಿಕ್ ಔಷಧಿಯನ್ನು ಕಿಸಾನ್ ಸಮೃದ್ಧಿ ಕೇಂದ್ರ ಮತ್ತು ಸಹಕಾರ ಸಂಘಗಳಲ್ಲಿ ಕಡಿಮೆ ಬೆಲೆಗೆ ಮಾರಲು. ಒಳ್ಳೆಯದೇ. ಹಟ್ಟಿಯ ಹತ್ತಿರ ಸಿಗಬೇಕು, ಇಲ್ಲದಿದ್ದರೆ ಬಸ್ ಚಾರ್ಜಿಗೆ ಉಳಿತಾಯ ಸರಿಹೋಗುತ್ತದೆ.

ಇನ್ನು ಲಸಿಕೆ. ಪಿಪಿಆರ್ ಅಂದರೆ ಕುರಿ-ಮೇಕೆಗೆ ಜ್ವರ, ಭೇದಿ ತಂದು ಒಂದರಿಂದ ಇನ್ನೊಂದಕ್ಕೆ ಹರಡುವ ರೋಗ. ಅದರದ್ದು ನಮ್ಮಲ್ಲಿ ಬಿಟ್ಟಿ ಹಾಕುತ್ತಾರೆ, ಒಂದು ಸಲಕ್ಕೆ ಮೂರು ವರ್ಷ ಚಿಂತೆಯಿಲ್ಲ. ಮೊನ್ನೆ ಕೆರೆಯಲ್ಲಿ ಆಂಧ್ರದ ಹಿಂಡೊಂದು ನಮ್ಮ ಕುರಿಯ ಪಕ್ಕದಲ್ಲೇ ನೀರಿಗಿಳಿದಿತ್ತು. ಎರಡು ಮರಿ ಉಚ್ಚಿಕೊಳ್ಳುತ್ತಿದ್ದವು. ಲಸಿಕೆ ಆಗಿದೆಯಾ ಅಂತ ಕೇಳಿದೆ. ಕುರಿಗಾಹಿ ನಕ್ಕ. "ನಿಮ್ಮ ಡಾಕ್ಟರು ಬಂದಾಗ ಕೂಗು, ನಮ್ಮವನ್ನೂ ಸಾಲಲ್ಲಿ ನಿಲ್ಲಿಸ್ತೀನಿ" ಅಂದ.