ಪೈನ್ ಬೆಂಚಿಗೆ ವೈಸ್ ಮತ್ತು ಗೂಟದ ತೂತು

ಪ್ರಶ್ನೆ: ಪ್ಯಾಕಿಂಗ್ ಪೆಟ್ಟಿಗೆಗಳ ಪೈನ್ ಹಲಗೆ ಅಂಟಿಸಿ ಐದಡಿ ಉದ್ದದ ಮರಗೆಲಸದ ಬೆಂಚು ಮಾಡಿಕೊಂಡಿದ್ದೇನೆ. ಮೇಲ್ಹಲಗೆ ಒಂದೂವರೆ ಇಂಚು ದಪ್ಪ. ಇಷ್ಟು ಮೆತ್ತನೆಯ ಮರಕ್ಕೆ ಹಲಗೆಯನ್ನು ಎರಡು ದವಡೆಗಳ ನಡುವೆ ಬಿಗಿಹಿಡಿಯುವ 9 ಇಂಚಿನ ಕಬ್ಬಿಣದ ವೈಸ್ ಕೂರಿಸಬಹುದೇ? ಹಲಗೆ ಜಾರದಂತೆ ತಡೆಯುವ ಗೂಟ ಸಿಕ್ಕಿಸಲು ಡಾಗ್ ಹೋಲ್ ಎನ್ನುವ ತೂತುಗಳನ್ನು ಕೊರೆದರೆ ಬೇಗ ಸವೆದುಹೋಗುತ್ತವೆಯೇ?
– ಓದುಗರು, ಸಾಗರ

ಉತ್ತರ: ಧಾರಾಳವಾಗಿ ಕೂರಿಸಿ. ನಾನು ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿರುವುದೂ ಪೈನ್ ಬೆಂಚಿನ ಮೇಲೆಯೇ. ತೇಗದ ಚೌಕಟ್ಟು ಕೈಜಾರಿ ಬಿದ್ದರೆ ಬೆಂಚಿಗೆ ತಗ್ಗು ಬೀಳುತ್ತದೆ, ಚೌಕಟ್ಟು ಉಳಿಯುತ್ತದೆ. ನನಗೆ ಅದೇ ಬೇಕು.

ಸ್ಕ್ರೂ ಮಾತ್ರ ನಂಬಬೇಡಿ. ಮೊದಲ ಸಲ ನಾನು ನಾಲ್ಕು ದಪ್ಪ ಸ್ಕ್ರೂ ಬಿಗಿದಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ವೈಸ್ ಜೋತುಬಿತ್ತು. ತೂತಿನೊಳಗಿನ ನಾರೆಲ್ಲ ಪುಡಿಯಾಗಿತ್ತು. ಹಲಗೆಯ ಆಚೆ ಈಚೆ ಹಾಯುವ ಬೋಲ್ಟ್ ಹಾಕಿ, ಅಗಲವಾದ ವಾಷರ್ ಕೊಡಿ. ವೈಸಿಗೂ ಹಲಗೆಗೂ ನಡುವೆ ಮತ್ತಿಯದೋ ಹೊನ್ನೆಯದೋ ಒಂದು ತುಂಡು ಇಡಿ. ಕಬ್ಬಿಣದ ದವಡೆ ಬೆಂಚಿನ ಮಟ್ಟಕ್ಕಿಂತ ಅರ್ಧ ಇಂಚು ಕೆಳಗಿರುವಂತೆ ಆ ತುಂಡಿನ ದಪ್ಪ ನೋಡಿಕೊಳ್ಳಿ. ದವಡೆ ಮೇಲೆದ್ದಿದ್ದರೆ ಮರ ಹೆರೆಯುವ ಹತ್ತರಿಯ ಅಲಗು ಒಂದಲ್ಲ ಒಂದು ದಿನ ಅದಕ್ಕೆ ತಾಗುತ್ತದೆ. ಎರಡೂ ದವಡೆಗೆ ಗಟ್ಟಿಮರದ ಪಟ್ಟಿ ಕಟ್ಟಿ. ಒಳಗಿನ ಪಟ್ಟಿ ಬೆಂಚಿನ ಅಂಚಿಗೆ ಸರಿಸಮ ಇರಲಿ. ಆಗಲೇ ಉದ್ದನೆಯ ಹಲಗೆ ಅಂಚಿಗೆ ಒರಗಿ ನಿಲ್ಲುವುದು. ಬಲಗೈಯವರಾದರೆ ವೈಸ್ ಎಡತುದಿಯಲ್ಲಿರಲಿ.

ಇನ್ನು ತೂತು. ಒಂದೂವರೆ ಇಂಚು ಸಾಲದು. ತೂತುಗಳ ಸಾಲಿನ ಕೆಳಗೆ ನಾಲ್ಕು ಇಂಚು ಅಗಲದ ಗಟ್ಟಿಮರದ ಪಟ್ಟಿಯನ್ನು ಅಂಟಿಸಿ ಎರಡೂವರೆ ಇಂಚು ಮಾಡಿ. ಹಾಗೆ ಮಾಡಿದರೆ ತೂತು ಬೇಗ ಅಂಡಾಕಾರವಾಗುವುದಿಲ್ಲ. ಅಂಗಡಿಯ ಗೂಟಗಳು 19 ಮಿ.ಮೀ. ಮತ್ತು 20 ಮಿ.ಮೀ. ಎರಡರಲ್ಲೂ ಬರುತ್ತವೆ, ಮೊದಲು ಗೂಟ ಕೊಳ್ಳಿ, ಆಮೇಲೆ ಅದೇ ಅಳತೆಯ ಡ್ರಿಲ್ ಬಿಟ್. ನಾನಂತೂ ಮರದ ಗೂಟವನ್ನೇ ಮಾಡಿಕೊಳ್ಳುತ್ತೇನೆ, ಅಲಗು ತಾಗಿದರೂ ಮುಕ್ಕಾಗುವುದಿಲ್ಲ. ಸಾಗರದ ಮಳೆಗೆ ಮರ ಉಬ್ಬುತ್ತದೆ, ಗೂಟ ಒಂದು ಕೂದಲೆಳೆ ಸಡಿಲವೇ ಇರಲಿ.

ಸಾಲು ವೈಸಿನ ನಡುಮಧ್ಯಕ್ಕೆ ನೇರವಾಗಿ, ಬೆಂಚಿನ ಅಗಲಕ್ಕೆ ಹೋಗಲಿ. ತೂತಿನಿಂದ ತೂತಿಗೆ ನಾಲ್ಕು ಇಂಚು. ವೈಸ್ ಅದಕ್ಕಿಂತ ಹೆಚ್ಚು ತೆರೆಯುವುದರಿಂದ ಯಾವ ಅಳತೆಯ ಹಲಗೆಯನ್ನೂ ವೈಸಿಗೂ ಗೂಟಕ್ಕೂ ನಡುವೆ ಬಿಗಿಯಬಹುದು. ಕೊರೆಯುವ ಮೊದಲು ಬೆಂಚಿನಡಿ ಬಗ್ಗಿ ನೋಡಿ, ವೈಸಿನ ಸರಳು, ಅಡ್ಡಪಟ್ಟಿ ಎಲ್ಲಿವೆ ಎಂದು. ನನ್ನ ಬೆಂಚಿನ ಮೂರನೆಯ ತೂತು ಅಡ್ಡಪಟ್ಟಿಯ ಮೇಲೆ ಬಂದು, ಸಿಕ್ಕಿಕೊಂಡ ಗೂಟವನ್ನು ಕೆಳಗಿನಿಂದ ತಳ್ಳಲು ದಾರಿಯೇ ಇಲ್ಲ.

ಗಟ್ಟಿಮರದ ದಪ್ಪ ತುಂಡೊಂದಕ್ಕೆ ಡ್ರಿಲ್ ಸ್ಟ್ಯಾಂಡ್ ಇರುವವರ ಬಳಿ ನೆಟ್ಟಗೆ ಒಂದು ತೂತು ಹಾಕಿಸಿ. ಅದನ್ನು ಬೆಂಚಿಗೆ ಕ್ಲಾಂಪ್ ಮಾಡಿ ಅದರೊಳಗಿಂದಲೇ ಕೊರೆಯಿರಿ, ಕೈ ವಾಲುವುದಿಲ್ಲ. ಬಿಟ್ಟಿನ ಮೊನೆ ಕೆಳಗೆ ಇಣುಕಿದೊಡನೆ ನಿಲ್ಲಿಸಿ, ಉಳಿದದ್ದನ್ನು ಕೆಳಗಿನಿಂದ ಕೊರೆಯಿರಿ. ಇಲ್ಲವಾದರೆ ಮರ ಸಿಬಿರೇಳುತ್ತದೆ. ತೂತಿನ ಬಾಯನ್ನು ಮರಳುಕಾಗದದಿಂದ ಸ್ವಲ್ಪ ದುಂಡಗೆ ಮಾಡಿ.

ಬೋಲ್ಟುಗಳನ್ನು ದೀಪಾವಳಿ ಹೊತ್ತಿಗೆ ಇನ್ನೊಮ್ಮೆ ಬಿಗಿಯಿರಿ. ಮಳೆ ಮುಗಿದು ಪೈನ್ ಕುಗ್ಗಿದಾಗ ಅವು ಅರ್ಧ ಸುತ್ತಾದರೂ ತಿರುಗುತ್ತವೆ.